ಒಂದು ಕಿವಿ ನಿಂಗೆ, ಒಂದು ಕಿವಿ ನಂಗೆ

ಲೆನ್ಸಿನ ಕೆಳಗೆ ಒಂದು ನೇರಳೆ ಚುಕ್ಕೆ, ಮೂರು ಎಸಳು, ಅಲ್ಲ, ನಾಲ್ಕು, ಸಪೂರ ದಾರದಲ್ಲಿ ಒಂದಕ್ಕೊಂದು ಪೋಣಿಸಿದಂತೆ, ಎಡಗೈ ಬೆರಳು ತಾನಾಗಿಯೇ ಎಣಿಕೆಯ ಗುಂಡಿ ಒತ್ತುತ್ತದೆ, ಟಕ್, ಪಕ್ಕದ್ದು, ಟಕ್, ಬಿಳಿ ರಕ್ತಕಣ ಎಂದು ಯಾರು ಹೆಸರಿಟ್ಟರೋ, ಬಣ್ಣ ಹಾಕದಿದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ, ಬಣ್ಣ ಹಾಕದೆ ಕಾಣದೇ ಹೋದದ್ದು ಇನ್ನೆಷ್ಟಿದೆಯೋ, ಟಕ್, ಸ್ಪಷ್ಟ ಕಾಣಲೆಂದು ಗಾಜಿನ ಮೇಲೆ ಬಿಟ್ಟ ಎಣ್ಣೆ ಹರಡಿಹೋಗಿದೆ, ಹೊಸ ಹನಿ ಬಿಡಬೇಕು, ಬಿಡುವ ಮೊದಲು ಪಕ್ಕದ ಕಂಪ್ಯೂಟರಿನ ಮೂಲೆ ಒಂದು ಸಲ ನೋಡಿಬಿಡೋಣ, ಇದೆ, ಪುಟ್ಟ ಹಸಿರು ಕಡ್ಡಿಗಳು, ಏಳುತ್ತ ಬೀಳುತ್ತ, ಅಂದರೆ ತಮ್ಮನ ಕೋಣೆಯಲ್ಲಿ ಹಾಡು ಓಡುತ್ತಿದೆ, ಹಾಡು ಓಡ್ತಿದ್ರೆ ನಾನಿದೀನಿ ಅಂತ ತಿಳ್ಕೊ ಅಕ್ಕ, ಫೋನ್ ಮಾತ್ರ ಮಾಡ್ಬೇಡ, ಗಂಟೆಗೊಂದು ಸಲ ಊಟ ಆಯ್ತಾ ಮಾತ್ರೆ ತಗೊಂಡ್ಯಾ ಅಂತ ಕೇಳ್ಬೇಡ, ನಾನೇನು ಒಲೆ ಮೇಲಿಟ್ಟ ಹಾಲಾ, ಉಕ್ಕುತ್ತೇನೋ ಅಂತ ಕಾಯ್ಕೊಂಡು ನಿಂತಿರೋಕೆ, ಆಸ್ಪತ್ರೆಯಿಂದ ಮನೆಗೆ ಬಂದ ದಿನ ಶೂ ಕೂಡ ಬಿಚ್ಚದೆ ಮಂಚದ ಮೇಲೆ ಕೂತು ಹೇಳಿದ ಮಾತು, ನಾನು ಹೂಂ ಅಂದೆ, ಹೂಂ ಅನ್ನದೆ ಬೇರೆ ದಾರಿ ಇರಲಿಲ್ಲ, ಮುಂದಿನದನ್ನೂ ಹೇಳಿಯೇಬಿಟ್ಟ, ಒಂದೇ ಒಂದು ಸಲ ಫೋನ್ ಮಾಡಿದ್ರೂ ಅಕೌಂಟ್ ಅಳಿಸಿ ಹಾಕ್ತೀನಿ, ಕೆಳಗಿನ ಮನೆಯಾಕೇನ ನನ್ನ ಮೇಲೆ ಛೂ ಬಿಟ್ರೂ ಅಷ್ಟೇ, ಆಮೇಲೆ ಹುಡುಕ್ಕೊ. ಅಳಿಸುತ್ತಾನೆ, ಹಟಮಾರಿ, ಅಮ್ಮನ ಹಟವೆಲ್ಲ ಅವನಿಗೇ ಬಂದಿದೆ, ನನಗೆ ಬಂದದ್ದು ಅಮ್ಮನ ಮೊಣಕಾಲು ನೋವು. ಅವನಿರುವ ಊರಿಗೆ ರೈಲಿನಲ್ಲಿ ಅರ್ಧ ದಿನ, ಇಬ್ಬರಿಗೂ ಹಾಡು ಕೇಳುವ ಅಕೌಂಟು ಒಂದೇ, ಬೇರೆ ತೆಗೆಯಬಹುದಿತ್ತು, ತೆಗೆಯಲಿಲ್ಲ, ಇಲ್ಲಿ ನಾನು ಹಾಕಿದರೆ ಅಲ್ಲಿ ನಿಲ್ಲುತ್ತದೆ, ಅಲ್ಲಿ ಅವನು ಹಾಕಿದರೆ ಇಲ್ಲಿ, ಅದೇ ಈಗ ನಮ್ಮಿಬ್ಬರ ನಡುವಿನ ಕಿಟಕಿ, ಅದರೊಳಗಿಂದ ಕಾಣುವುದು ಹಾಡಿನ ಹೆಸರು ಮತ್ತು ಹಸಿರು ಕಡ್ಡಿ, ಅಷ್ಟೇ.

ಆದರೆ ಬೆಳಗ್ಗೆಯಿಂದ ಅದೇ ಹಾಡು. ಬಸ್ಸಿನಲ್ಲಿ ಬರುವಾಗ ಫೋನಿನಲ್ಲಿ ನೋಡಿದೆ, ಅದೇ, ಬಿಳಿ ಕೋಟು ಹಾಕಿಕೊಳ್ಳುವಾಗ ಅದೇ, ಮೊದಲ ತಟ್ಟೆಯ ಸ್ಲೈಡುಗಳು ಮುಗಿದಾಗಲೂ ಅದೇ, ಒಬ್ಬ ಹೆಂಗಸು, ಒಂದು ಗಿಟಾರು, ಕೊನೆಯ ಚರಣಕ್ಕೆ ಮೊದಲು ಗಿಟಾರು ಪೂರ್ತಿ ನಿಂತುಬಿಡುತ್ತದೆ, ಏನೂ ಇಲ್ಲ, ಆಮೇಲೆ ಆಕೆ ಉಸಿರೆಳೆದುಕೊಳ್ಳುವ ಸದ್ದು, ಸ್ಪಷ್ಟವಾಗಿ, ಯಾರೋ ನಮ್ಮ ಹೆಗಲ ಹಿಂದೆಯೇ ನಿಂತಿರುವಷ್ಟು ಹತ್ತಿರ, ಹಾಡಲ್ಲ ಅಕ್ಕ, ಆ ಉಸಿರು ಕೇಳು, ನನ್ನಂಥೋನ ಕೈಗೆ ಸಿಕ್ಕಿದ್ರೆ ಕತ್ತರಿಸಿ ಎಸೀತಿದ್ದ, ಯಾವ ಪುಣ್ಯಾತ್ಮ ಬಿಟ್ನೋ. ಅವನ ಕೆಲಸವೇ ಅದಾಗಿತ್ತು, ಪುಸ್ತಕ ಓದಿ ಧ್ವನಿಮುದ್ರಿಸುವವರ ಉಸಿರನ್ನು ಪರದೆಯ ಮೇಲೆ ಹುಡುಕಿ ಕತ್ತರಿಸುವುದು, ಎರಡು ಮಾತಿನ ನಡುವೆ ಸಣ್ಣ ಹುಳದ ಹಾಗೆ ಕಾಣುತ್ತದಂತೆ, ದಿನವಿಡೀ, ವರ್ಷಗಟ್ಟಲೆ, ಏನೋ ಉದ್ಯೋಗ ನಿಂದು ಎಂದು ಯಾರಾದರೂ ಕೇಳಿದರೆ ಉಸಿರುಗಟ್ಟಿಸೋದು ಅನ್ನುತ್ತಿದ್ದ, ಎಲ್ಲರೂ ನಗುತ್ತಿದ್ದರು, ನಾನೂ ನಕ್ಕಿದ್ದೇನೆ, ಒಂದು ದಿನ ಕುರ್ಚಿಯಿಂದ ಎದ್ದವನು ಮತ್ತೆ ಹೋಗಲಿಲ್ಲ, ಕತ್ತರಿಸಿದ್ದೆಲ್ಲ ಎಲ್ಲಿ ಹೋಗುತ್ತೆ ಅಕ್ಕ, ಅಂದ, ತಮಾಷೆ ಎಂದುಕೊಂಡು ಕಸದಬುಟ್ಟಿಗೆ ಎಂದೆ, ಅವನು ನಗಲಿಲ್ಲ, ಆಗಲೇ ಗೊತ್ತಾಗಬೇಕಿತ್ತು, ಟಕ್, ಇದು ಎಣಿಸಿದ್ದೋ ಎಣಿಸದ್ದೋ, ತಪ್ಪಿಹೋಯಿತು, ಮತ್ತೆ ಮೊದಲಿಂದ. ಫೋನು ಗುರ್ ಎನ್ನುತ್ತದೆ, ಕೇಳುಗರ ಗುಂಪು, ಕಟ್ಟಿದ್ದು ತಮ್ಮನೇ, ಈಗ ಕಿವಿಯಲ್ಲಿ ಏನು ಎಂದು ಒಬ್ಬರು ಕೇಳಬೇಕು, ಆ ಕ್ಷಣ ಓಡುತ್ತಿರುವುದನ್ನೇ ಉಳಿದವರು ಹೇಳಬೇಕು, ಮೆಚ್ಚುಗೆ ಗಿಟ್ಟಿಸಲು ಹುಡುಕಿ ಹಾಕುವಂತಿಲ್ಲ, ಅವನು ಮಾಡಿದ ನಿಯಮ. ಹಲ್ಲಿನ ಡಾಕ್ಟರು ಬರೆದಿದ್ದಾರೆ, ನನ್ನ ಕುರ್ಚೀಲಿರೋರು ಬಾಯಿ ತೆಗೆದಿದಾರೆ, ಡ್ರಿಲ್ಲು ಶ್ರುತಿ ಹಿಡಿದಿದೆ, ಹಿಂದೆ ಪಿಟೀಲು. ಕನ್ನಡಕದಂಗಡಿಯವರು, ನಂಗೆ ಪಕ್ಕದಂಗಡಿ ರೇಡಿಯೋನೇ ಗತಿ, ಹಲ್ಲುಪುಡಿ ಜಾಹೀರಾತು ಬರ್ತಿದೆ, ನಿಮ್ಮ ಹೊಟ್ಟೆ ಮೇಲೆ ಹೊಡೀತಿದಾರೆ ಡಾಕ್ಟ್ರೇ. ಮತ್ತೆ ಡಾಕ್ಟರು, ಅಕ್ಕಾವ್ರೇ ನಿಮ್ಮ ಕಿವೀಲೇನು, ನಿಮ್ಮ ತಮ್ಮ ಎಲ್ಲಿ, ಗುಂಪು ಕಟ್ಟಿದೋನೇ ಕಿವಿ ಮುಚ್ಕೊಂಡು ಕೂತ್ರೆ ಹೆಂಗೆ. ಅವರಿಗೆ ಆಸ್ಪತ್ರೆಯ ವಿಷಯ ಗೊತ್ತಿಲ್ಲ. ಮುಚ್ಚಿಕೊಂಡಿಲ್ಲ, ಕೇಳುತ್ತಿದ್ದಾನೆ, ಇಗೋ ಇದನ್ನು, ಎಂದು ಹಾಡಿನ ಹೆಸರನ್ನಾದರೂ ಅವರಿಗೆ ಕಳಿಸೋಣ ಎಂದು ಪರದೆಯ ಮೂಲೆಗೆ ಕೈ ಹೋಯಿತು, ಕೈಗವಸಿನ ತುದಿಗೆ ಎಣ್ಣೆ, ಮೌಸು ಜಾರಿತು, ಹೆಸರಿನ ಮೇಲೆ ಒತ್ತಬೇಕಾದದ್ದು ಪಕ್ಕದ, ಹಾಡು ಹಾಕುವ ತ್ರಿಕೋನದ ಮೇಲೆ ಬಿತ್ತು, ಅಯ್ಯೋ, ನನ್ನ ಎಡಗಿವಿಯ ಇಯರ್‌ಫೋನಿನಲ್ಲಿ ಆ ಹೆಂಗಸು, ಎರಡನೇ ಚರಣದ ನಡುವಿನಿಂದ.

ಅವನ ಕೋಣೆಯಲ್ಲಿ ಈಗ ನಿಂತಿದೆ. ನಾನೇ ನಿಲ್ಲಿಸಿದೆ, ಬಾಯಿಯ ಹತ್ತಿರ ಹಿಡಿದ ಲೋಟ ಕಸಿದುಕೊಂಡ ಹಾಗೆ, ಇರಲಿ, ಈಗ ವಾಪಸ್ಸು ಕಿತ್ತುಕೊಳ್ಳುತ್ತಾನೆ, ಯಾವಾಗಲೂ ಹಾಗೇ, ಹಿಂದೆ ಕೈತಪ್ಪಿ ಒತ್ತಿದಾಗೆಲ್ಲ ಸಾಲು ಮುಗಿಯುವುದರೊಳಗೆ ನನ್ನ ಕಿವಿ ಖಾಲಿ, ಇನ್ನೊಂದು ಸಾಧನದಲ್ಲಿ ಹಾಡುತ್ತಿದೆ ಎಂಬ ಬರಹ, ಹೋಗೇ ಅಂದ ಹಾಗೆ, ಆ ಹೋಗೇ ಕೇಳಿದ ದಿನ ನನಗೆ ಎರಡು ತುತ್ತು ಹೆಚ್ಚು ಸೇರುತ್ತದೆ, ಕಿತ್ತುಕೊ, ಕಿತ್ತುಕೊಳ್ಳೋ, ಸಾಲು ಮುಗಿಯಿತು, ಇನ್ನೊಂದು ಸಾಲು, ಅದೂ. ಬಚ್ಚಲಲ್ಲಿ ಇರಬಹುದು. ಮುಖ ತೊಳೆಯುತ್ತಿರಬಹುದು, ಹಾಡು ನಿಂತದ್ದು ಕೇಳಿಸಿರಲಿಕ್ಕಿಲ್ಲ, ಅಲ್ಲ, ನಿಂತದ್ದು ಅವನಿಗೆ ಎಲ್ಲಿದ್ದರೂ ಕೇಳಿಸುತ್ತದೆ, ಅವನ ಕಿವಿ ಅಂಥದ್ದು. ಬೆಳಗ್ಗೆಯಿಂದ ಒಂದೇ ಹಾಡು, ಮತ್ತೆ ಮತ್ತೆ, ಮುಗಿದೊಡನೆ ತಾನಾಗಿ ಮೊದಲಿನಿಂದ, ತಾನಾಗಿ, ತಾನಾಗಿ ಎಂದರೆ ಯಾರೂ ಒತ್ತಬೇಕಿಲ್ಲ, ಯಾರೂ ಕೇಳಬೇಕಿಲ್ಲ, ಹಾಡು ಓಡುವುದಕ್ಕೆ ಮನುಷ್ಯ ಬೇಕಿಲ್ಲ, ಇಷ್ಟು ದಿನ ಏನನ್ನು ನೋಡಿ ಸಮಾಧಾನ ಮಾಡಿಕೊಂಡೆ ನಾನು, ಬಣ್ಣ ಹಾಕದ ಗಾಜನ್ನು ನೋಡಿ ಏನೂ ಇಲ್ಲ ಎಂದು ವರದಿ ಬರೆದ ಹಾಗೆ, ಕಾಲೇಜಿನ ಮೊದಲ ವರ್ಷದವರಿಗೂ ಗೊತ್ತು, ಯಂತ್ರ ಚಾಲೂ ಇದೆ ಎಂಬುದಕ್ಕೆ ಅದು ಪುರಾವೆ, ಅವನು ಇದ್ದಾನೆ ಎಂಬುದಕ್ಕಲ್ಲ. ಪುರಾವೆ ಒಂದೇ, ಕಿತ್ತುಕೊಳ್ಳುವುದು. ಅದಕ್ಕೆ ಬೆರಳು ಬೇಕು. ಮೇಡಂ ಸ್ಲೈಡ್ ನೋಡ್ತಿದೀರೋ ಅದರೊಳಗೆ ಬಿದ್ದುಹೋದ್ರೋ, ಮೇಲ್ವಿಚಾರಕರು ಬಾಗಿಲಲ್ಲಿ, ವಾರ್ಡಿನೋರು ಆಗ್ಲೇ ಎರಡು ಸಲ ಫೋನ್ ಮಾಡಿದ್ರು, ಆಯ್ತು ಸಾರ್ ಆಯ್ತು, ಕೊಟ್ಟೆ, ಬಾಯಿ ಹೇಳುತ್ತದೆ, ಬೆರಳು ಟಕ್ ಎನ್ನುತ್ತದೆ, ಏನನ್ನು ಎಣಿಸಿದ್ದು ಅದು, ಲೆನ್ಸಿನ ಕೆಳಗೆ ಖಾಲಿ ಗಾಜು. ನಮ್ಮಿಬ್ಬರಿಗೆ ಇದ್ದದ್ದು ಒಂದೇ ಇಯರ್‌ಫೋನು, ಅಪ್ಪ ತಂದದ್ದು, ಒಂದು ಕಿವಿ ನಿಂಗೆ ಒಂದು ಕಿವಿ ನಂಗೆ, ಒಂದೇ ದಿಂಬು, ತಲೆಗೆ ತಲೆ ತಾಗಿಸಿ, ಇದೇ ಹಾಡು, ಆ ಜಾಗ ಬರುವವರೆಗೆ ಕಳ್ಳ ಬೆಕ್ಕಿನ ಹಾಗೆ ಸುಮ್ಮನಿದ್ದು ಗಿಟಾರು ನಿಂತದ್ದೇ ತಡ ನನ್ನ ಕಿವಿಯಿಂದ ಸೆಳೆದು ಎರಡನ್ನೂ ತಾನೇ ಚುಚ್ಚಿಕೊಳ್ಳುವನು, ಉಸಿರು ನಂದು, ಹಾಡು ಬೇಕಾದ್ರೆ ನೀನಿಟ್ಕೊ, ಹೊಡೆದಾಟ, ಅಡುಗೆಮನೆಯಿಂದ ಅಮ್ಮ, ಇಬ್ಬರ ಕಿವೀನೂ ಕಿತ್ತು ಕೈಗೆ ಕೊಡ್ತೀನಿ ಆಮೇಲೆ ಹಂಚ್ಕೊಳ್ಳಿ. ಎಷ್ಟೋ ವರ್ಷ ಆ ಉಸಿರನ್ನು ನಾನು ಕೇಳಿಯೇ ಇರಲಿಲ್ಲ, ಅವನ ಮುಖದಲ್ಲಿ ನೋಡಿದ್ದೆ, ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಆಕೆಯ ಜೊತೆ ತಾನೂ ಎಳೆದುಕೊಳ್ಳುತ್ತಿದ್ದ, ಆಸ್ಪತ್ರೆಯ ಮಂಚದ ಮೇಲೂ ಹಾಗೇ ಬಾಯಿ ತೆರೆದಿತ್ತು, ಆದರೆ ಎಳೆಯುತ್ತಿದ್ದದ್ದು ಯಂತ್ರ, ನಾನು ಪಕ್ಕದಲ್ಲಿ ನಿಂತು, ಒಳಗೆ, ಹೊರಗೆ, ಒಳಗೆ, ಹೊರಗೆ.

ಫೋನು ಕೈಯಲ್ಲಿದೆ, ಕೈಗವಸು ಯಾವಾಗ ಬಿಚ್ಚಿದೆನೋ, ಅವನ ಹೆಸರಿನ ಮೇಲೆ ಹೆಬ್ಬೆರಳು, ಒತ್ತಿದರೆ, ಅವನು ಚೆನ್ನಾಗಿದ್ದರೆ ಏನಕ್ಕಾ ಇದು ಎಂದು ತಣ್ಣಗೆ ಒಂದು ಮಾತು, ಆಮೇಲೆ ಕಿಟಕಿ ಮುಚ್ಚಿತು, ಹಸಿರು ಕಡ್ಡಿಯೂ ಇಲ್ಲ, ಅವನು ಏನು ಕೇಳುತ್ತಿದ್ದಾನೋ, ಕೇಳುತ್ತಿದ್ದಾನೋ ಇಲ್ಲವೋ, ಒತ್ತದಿದ್ದರೆ, ಅವನು ಚೆನ್ನಾಗಿಲ್ಲದಿದ್ದರೆ, ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಬೇಕು, ಕಳೆದ ಸಲ ಆಕೆಯೇ ಹತ್ತಿದ್ದು, ನೀರು ಬರ್ತಿಲ್ಲ ಅಂತ ಕೇಳೋಕೆ ಹೋದೆ ಕಣ್ರೀ, ಬಾಗಿಲು ಹಾಗೇ ತೆರ್ಕೊಂಡಿತ್ತು, ಒಳಗೆ ನಿಮ್ಮ ತಮ್ಮ ಎಚ್ಚರ ಇಲ್ದೆ ಬಿದ್ದಿದ್ರು, ನೀರು ಬರುತ್ತಿದ್ದರೆ ಹತ್ತುತ್ತಲೇ ಇರಲಿಲ್ಲ, ಇವತ್ತು ನೀರು ಬರುತ್ತಿದೆಯೋ ಏನೋ. ಮೂರನೇ ಚರಣ. ಈ ಚರಣ ಮುಗಿದರೆ ಆ ಜಾಗ, ಅಲ್ಲಿಯವರೆಗೆ, ಅಷ್ಟೇ, ಆಕೆಯ ಉಸಿರು ನನ್ನ ಕಿವಿಯಲ್ಲೇ ಬಂದುಬಿಟ್ಟರೆ ಒತ್ತಿಬಿಡುತ್ತೇನೆ, ಅಕೌಂಟು ಹೋದರೆ ಹೋಗಲಿ, ಅವನು ಜನ್ಮದಲ್ಲಿ ಮಾತಾಡಿಸದಿದ್ದರೂ ಸರಿ, ಇದ್ದು ಮಾತಾಡಿಸದಿರಲಿ. ಮೇಡಂ, ಬಂದೆ ಸಾರ್. ಗುಂಪಿನಲ್ಲಿ ಮತ್ತೆ ಗುರ್, ಅಕ್ಕಾವ್ರು ಉತ್ತರ ಕೊಟ್ಟಿಲ್ಲ, ಬಹುಶಃ ಮರ್ಯಾದೆಗೆಟ್ಟ ಹಾಡು ಕೇಳ್ತಿದಾರೆ, ಸುಮ್ಮನಿರ್ರೀ ಡಾಕ್ಟ್ರೇ, ಆಕೆ ಹಾಡುತ್ತಾಳೆ, ಎಷ್ಟು ನಿಧಾನ ಹಾಡುತ್ತಾಳೆ, ಹಿಂದೆಂದೂ ಇಷ್ಟು ನಿಧಾನ ಹಾಡಿರಲಿಲ್ಲ, ಕೊನೆಯ ಮಾತು ಎಳೆದು, ಬಿಟ್ಟು, ಗಿಟಾರಿನ ಒಂದು ತಂತಿ, ಇನ್ನೊಂದು, ನಿಂತಿತು. ಏನೂ ಇಲ್ಲ. ಹೆಬ್ಬೆರಳು ಗಾಜಿಗೆ ತಾಗುವಷ್ಟು ಹತ್ತಿರ. ಏನೂ ಇಲ್ಲ. ಇದು ಹಾಡಿನ ಮೌನ, ಇದಾದ ಮೇಲೆ ಉಸಿರು, ಈಗ ಬರುತ್ತದೆ, ಈಗ, ಆದರೆ ಮೌನ ಇಷ್ಟು ಉದ್ದ ಇರಲಿಲ್ಲವಲ್ಲ, ಇಷ್ಟು ಹೊತ್ತಿಗೆ ಬರಬೇಕಿತ್ತಲ್ಲ, ಬರಲಿಲ್ಲ, ಬರಲಿಲ್ಲ, ಪರದೆಯ ಮೂಲೆ, ಇನ್ನೊಂದು ಸಾಧನದಲ್ಲಿ ಹಾಡುತ್ತಿದೆ, ಹಸಿರು ಕಡ್ಡಿಗಳು ಎದ್ದಿವೆ, ಕಿತ್ತುಕೊಂಡ, ಕಳ್ಳ, ಯಂತ್ರ ತಾನಾಗಿ ಕಿತ್ತುಕೊಳ್ಳುವುದಿಲ್ಲ, ಹಾಡು ಸಾಗುವುದನ್ನು ಪರದೆಯ ಮೇಲೆ ನೋಡುತ್ತ ಕೂತಿದ್ದ, ಆ ಜಾಗ ಬರುವವರೆಗೆ ಕಾದಿದ್ದ, ಉಸಿರು ನಂದು, ಹಾಡು ನೀನಿಟ್ಕೊ, ಇದ್ದಾನೆ, ಈ ಗಳಿಗೆ ಇದ್ದಾನೆ, ಫೋನು ಮೇಜಿನ ಮೇಲೆ ಬೋರಲಾಗಿದೆ, ನಾಳೆ ಬೆಳಗ್ಗೆಯೂ ಇದೇ ಹಾಡಿದ್ದರೆ, ನಾಡಿದ್ದು, ಅದು ಆಮೇಲೆ, ಈಗ ಅಲ್ಲಿ, ಅರ್ಧ ದಿನದ ರೈಲಿನಾಚೆ, ಶೂ ಬಿಚ್ಚದ ಕಾಲು ಇಳಿಬಿಟ್ಟ ಮಂಚದ ಮೇಲೆ, ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಆಕೆಯ ಜೊತೆ ಅವನೂ ಎಳೆದುಕೊಳ್ಳುತ್ತಿದ್ದಾನೆ, ಇಲ್ಲಿ ನಾನೂ, ಒಳಗೆ, ಎದೆ ತುಂಬ, ಒಳಗೆ, ಬಿಡು, ಬಿಡೋ, ನೀನು ಬಿಟ್ಟರೆ ನಾನೂ ಬಿಡುತ್ತೇನೆ, ತೆರೆದ ಬಾಯಿ, ಎಳೆದುಕೊಂಡ ಉಸಿರು, ತೆರೆದ ಬಾಯಿ —