ಸಹಿ ಹಾಕದ ಕಾಗದ

ಪೇಟೆಯ ಅಂಗಡಿಯೊಂದರಿಂದ ಫೋನ್ ಬಂದಾಗ ಅವಳು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. "ನಿಮ್ಮ ಮಗಳು ಕದ್ದು ಸಿಕ್ಕಿಬಿದ್ದಿದಾಳೆ, ಬೇಗ ಬನ್ನಿ" ಎಂದಷ್ಟೇ ಹೇಳಿ ಇಟ್ಟರು.

ಹೊಲಿಗೆಯೇ ಅವಳ ಜೀವನ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಈ ಊರಿಗೆ ಬಂದು ಎರಡು ವರ್ಷವಾಗಿತ್ತು. ಯಾರಿಗಾದರೂ ಹೇಳೋಣವೆಂದು ದಾರಿಯಲ್ಲಿ ಫೋನಿನಲ್ಲಿದ್ದ ಹೆಸರುಗಳನ್ನು ತಡಕಾಡಿದಳು. ಇದ್ದವರೆಲ್ಲ ಗಿರಾಕಿಗಳು: 'ನೀಲಿ ಪ್ಯಾಂಟು', 'ಜಿಪ್ಪು ಹೋದದ್ದು', 'ಕರಿ ಕೋಟು ವಕೀಲೆ'.

ಅಂಗಡಿಯ ಹಿಂದಿನ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ, ಹದಿಮೂರರ ಮಗಳು ತಲೆ ತಗ್ಗಿಸಿ ಕೂತಿದ್ದಳು. ಮೇಜಿನ ಮೇಲೆ ಕೂದಲಿಗೆ ಹಾಕುವ ಒಂದೇ ಥರದ ಮೂರು ಕ್ಲಿಪ್ಪು. ಮ್ಯಾನೇಜರ್ ಒಂದು ಕಾಗದ ಮುಂದೆ ತಳ್ಳಿದ.

"ಇವಳು ಮುಂಚೇನೂ ಕದ್ದಿದಾಳೆ ಅಂತ ಒಪ್ಕೊಂಡು ಸಹಿ ಹಾಕಿ. ಪೊಲೀಸರಿಗೆ ಹೇಳಲ್ಲ."

"ಮುಂಚೆ ಯಾವತ್ತೂ ಇಲ್ಲಮ್ಮ," ಎಂದಳು ಮಗಳು.

ತಾಯಿ ಪೆನ್ನು ಕೈಗೆ ತೆಗೆದುಕೊಂಡೂ ಬಿಟ್ಟಿದ್ದಳು. ಏನನ್ನಿಸಿತೋ, ವಕೀಲೆಗೆ ಫೋನ್ ಮಾಡಿದಳು. "ಮೇಡಂ, ನಿಮ್ಮ ಕೋಟು ರಿಪೇರಿ ಮಾಡ್ತೀನಲ್ಲ, ನಾನು..." ಎಂದು ಶುರುಮಾಡಿ ಎಲ್ಲ ಹೇಳಿದಳು.

"ಮೊದಲು ಪೆನ್ನು ಕೆಳಗಿಡಮ್ಮ," ಎಂದರು ವಕೀಲೆ. "ಹೆದರ್ಕೊಂಡು ಸಹಿ ಹಾಕಬೇಡ. ಪೊಲೀಸರು ಬಂದ್ರೂ, ನೀನು ಪಕ್ಕದಲ್ಲಿಲ್ಲದೆ ಮಗುನ ಏನೂ ಕೇಳಬಾರದು ಅನ್ನು. ಕೇಸಾದ್ರೂ ಅದು ಹೋಗೋದು ಬಾಲ ನ್ಯಾಯ ಮಂಡಳಿಗೆ, ದೊಡ್ಡವರ ಕೋರ್ಟಿಗಲ್ಲ. ಮೊದಲನೇ ಸಲ, ವಸ್ತುನೂ ವಾಪಸ್ ಸಿಕ್ಕಿದೆ. ಹೆಚ್ಚಾಗಿ ಎಚ್ಚರಿಕೆ ಕೊಟ್ಟು ಕಳಿಸ್ತಾರೆ. ಅವನಿಗೆ ಫೋನ್ ಕೊಡು."

ಮ್ಯಾನೇಜರ್ ಎರಡು ನಿಮಿಷ ಬರೀ "ಹೂಂ, ಹೂಂ" ಎಂದ. ಆಮೇಲೆ ಕಾಗದವನ್ನು ಡ್ರಾಯರಿಗೆ ಸೇರಿಸಿದ. "ಕ್ಷಮೆ ಕೇಳ್ಲಿ. ಇನ್ನು ಈ ಕಡೆ ಬರೋದು ಬೇಡ."

ಮಗಳು ಕ್ಷಮೆ ಕೇಳಿದಳು. ದನಿ ಹೊರಡಲಿಲ್ಲ. ಇನ್ನೊಮ್ಮೆ ಕೇಳಿದಳು.

ಬಸ್ಸಿನಲ್ಲಿ ತಾಯಿ ಎರಡು ಟಿಕೆಟ್ ತೆಗೆದಳು.

"ಒಂದೇ ಥರದ್ದು ಮೂರು ಯಾಕೆ?" ಎಂದಳು ತಾಯಿ.

"ಕ್ಲಾಸಲ್ಲಿ ಇಬ್ಬರು ಹುಡುಗೀರಿದಾರೆ. ಮೂವರೂ ಹಾಕ್ಕೊಂಡ್ರೆ, ಊಟಕ್ಕೆ ನನ್ನನ್ನೂ ಸೇರಿಸ್ಕೋತಾರೆ ಅಂತ."

"ಈಗ ಎಲ್ಲಿ ಊಟ ಮಾಡ್ತೀಯ?"

"ಮೆಟ್ಟಿಲ ಮೇಲೆ. ಒಬ್ಬಳೇ."

ಬೈಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತನ್ನೆಲ್ಲ ತಾಯಿ ಕೈಬಿಟ್ಟಳು. ದಿನಾ ಮಧ್ಯಾಹ್ನ ಮೆಷಿನ್ನಿನ ಮೇಲೆ ಡಬ್ಬಿ ಇಟ್ಟುಕೊಂಡು, ಗೋಡೆ ನೋಡುತ್ತ ಉಣ್ಣುವವಳು ತಾನೂ.

"ಕದ್ದದ್ದು ತಪ್ಪು," ಎಂದಷ್ಟೇ ಹೇಳಿದಳು.

"ಗೊತ್ತಮ್ಮ."

ಅಷ್ಟರಲ್ಲಿ ಇಳಿಯುವ ಸ್ಟಾಪು ದಾಟಿಹೋಗಿತ್ತು. ಮುಂದಿನದರಲ್ಲಿ ಇಳಿದು, ಮನೆಯ ಕಡೆ ಹಿಂದಕ್ಕೆ ನಡೆದರು.