ಬಿಡ್ತು ಅನ್ನಿಸುವ ಮೊದಲು

ಪುಣೆಯ ನಿಗಡಿಯಲ್ಲಿರುವ ಅಂಬಾಗೆ ಈಚೆಗೆ ಎರಡು ಭಯ. ಒಂದು ಮಗಳದು, ಇನ್ನೊಂದು ಗಂಡನದು.

ಮಗಳು ನೀಲಿಮಾ ಸಮುದಾಯ ಕಾಲೇಜಿನಲ್ಲಿ ಮಾನಸಿಕ ಮತ್ತು ಸಾಮಾಜಿಕ ಆರೋಗ್ಯ ಸೇವೆಯ ಕೋರ್ಸು ಓದುತ್ತಿದ್ದಾಳೆ. ಮುಂದಿನ ತಿಂಗಳು ಯೆರವಡಾದ ಮನೋರೋಗ ಆಸ್ಪತ್ರೆಯಲ್ಲಿ ತರಬೇತಿ. ಪುಣೆಯಲ್ಲಿ ಯೆರವಡಾ ಅಂದರೆ ಜನಕ್ಕೆ ನೆನಪಾಗುವುದು ಎರಡೇ, ಜೈಲು ಇಲ್ಲವೇ ಹುಚ್ಚಾಸ್ಪತ್ರೆ. ಪಕ್ಕದ ಮನೆಯ ಗೋದಾಳ ಬಾಯಿಗಂತೂ ಬೀಗವಿಲ್ಲ.

“ಅಲ್ರೀ ಅಂಬಕ್ಕಾ, ಹುಡುಗೀನ ಯೆರವಡಾಕ್ಕ ಕಳಸ್ತೀರಿ? ನಾಳೆ ಯಾರ್ ಮಾಡ್ಕೋತಾರ್ರೀ ಅಕೀನ?”

ಎರಡನೆಯ ಭಯವನ್ನು ಅಂಬಾ ಯಾರಿಗೂ ಹೇಳಿರಲಿಲ್ಲ. ಗಂಡ ರಾಘಣ್ಣ ಕಂಪನಿ ಬಸ್ಸಿನ ಡ್ರೈವರ್ ಆಗಿದ್ದ. ಕಣ್ಣು ಮಂಜಾಗಿ ಕೆಲಸ ಬಿಡಬೇಕಾಯಿತು. ಊಟ, ಮಾತು ಎರಡೂ ಕಡಿಮೆಯಾದವು. ಒಂದು ದಿನ ತಾಟಿನ ಮುಂದೆ ಕೂತವನು ಅಂದ, “ನಾ ಇನ್ನ ಇದ್ದು ಏನ್ ಮಾಡೂದದ?”

ಅಂಬಾ ಸೌಟು ಕೆಳಗಿಟ್ಟು ಅಂದಳು, “ಬಿಡ್ತು ಅನ್ರಿ! ಮೊದಲ ಬಿಡ್ತು ಅನ್ರಿ!”

“ಬಿಡ್ತು,” ಎಂದ ರಾಘಣ್ಣ. ಆಮೇಲೆ ಆ ಮಾತನ್ನು ಎತ್ತಲಿಲ್ಲ.

ಅಂದಿನಿಂದ ಅವನು ಬಚ್ಚಲಿಗೆ ಹೋದರೂ ಅಂಬಾ ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳುತ್ತಾಳೆ. ಸದ್ದು ನಿಂತರೆ ಅವಳ ಜೀವ ಬಾಯಿಗೆ ಬರುತ್ತದೆ. ಒಮ್ಮೆ ನೀಲಿಮಾ ಅದನ್ನು ನೋಡಿಬಿಟ್ಟಳು.

“ಅವ್ವಾ, ಇಲ್ಲ್ಯಾಕ ನಿಂತೀ?”

ಅಂಬಾ ಅಳುತ್ತಾ ಎಲ್ಲ ಹೇಳಿದಳು. ನೀಲಿಮಾ ಅವಳ ಕಣ್ಣೊರೆಸಿ ಅಂದಳು,

“ಅಪ್ಪಗ ನೇರ ಕೇಳೂಣು. ಸಾಯೂ ವಿಚಾರ ಬರ್ತದೇನು ಅಂತ.”

“ಹುಚ್ಚಿ! ಬಿಡ್ತು ಅನ್ನು! ಕೇಳಿದ್ರ ಇಲ್ಲದ್ದು ತಲ್ಯಾಗ ಹೊಕ್ಕೋತದ.”

“ಇಲ್ಲವ್ವಾ, ನಮಗ ಕಾಲೇಜಿನ್ಯಾಗ ಕಲಿಸ್ಯಾರ. ಕೇಳೂದ್ರಿಂದ ಆ ವಿಚಾರ ಹುಟ್ಟೂದಿಲ್ಲ. ಕೇಳಿದ್ರ ಮನಸ್ಸು ಹಗುರಾಗ್ತದ. ನೀ ಬಿಡ್ತು ಅನಿಸಿದಿ, ಅಪ್ಪ ಮಾತು ಬಿಟ್ಟಾರ. ವಿಚಾರ ಬಿಟ್ಟಿಲ್ಲ.”

ರಾಘಣ್ಣ ಬಚ್ಚಲಿನಿಂದ ಹೊರಗೆ ಬಂದು ಕುಳಿತ. ನೀಲಿಮಾ ಪಕ್ಕದಲ್ಲಿ ಕೂತು ಕೇಳಿದಳು, “ಅಪ್ಪಾ, ಸಾಯಬೇಕು ಅನಸ್ತದೇನ್ರಿ?”

‘ಬಿಡ್ತು ಅನ್ನು’ ಅಂಬಾಳ ನಾಲಿಗೆಯ ತುದಿಗೇ ಬಂದಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಹೂಂ,” ಎಂದ ರಾಘಣ್ಣ. “ದಿನಾ ಅನಸ್ತದ. ಹೇಳಿದ್ರ ನಿಮ್ಮವ್ವ ಅಂಜತಾಳ.”

ಅಂಬಾ ಅವನ ಕೈ ಹಿಡಿದಳು. “ಭಾಳ ಅಂಜಿಕಿ ಆಗ್ತದ್ರೀ. ಆದ್ರೂ ಹೇಳ್ರಿ. ನಾ ಕೇಳ್ತೀನಿ.”

ಅಂದೇ ಅವರು ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನು ಮಾಡಿದರು. ರಾಘಣ್ಣನನ್ನು ಒಬ್ಬನೇ ಬಿಡದೆ ಮನೋವೈದ್ಯರ ಬಳಿ ಕರೆದೊಯ್ದರು. ಔಷಧಿ, ಆಪ್ತಸಮಾಲೋಚನೆ ನಡೆದಿವೆ. ಗೋದಾ ಮತ್ತೆ ಕೇಳಿದಾಗ ಅಂಬಾ ಮಗಳ ಡಬ್ಬಿ ಕಟ್ಟುತ್ತಲೇ, “ಹೌದ್ರಿ, ಯೆರವಡಾಕ್ಕೇ ಕಳಸ್ತೀನಿ,” ಅಂದಳು.

ಅವಳ ಭಯ ಪೂರ್ತಿ ಹೋಗಿಲ್ಲ. ಈಗಲೂ ಒಮ್ಮೊಮ್ಮೆ ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಾಳೆ. ಒಳಗಿನಿಂದ ರಾಘಣ್ಣನೇ ಕೂಗುತ್ತಾನೆ, “ಇದ್ದೀನಿ ಮಾರಾಯ್ತಿ, ಹೋಗಿ ಚಹಾ ಇಡು!”

ನಿಮ್ಮ ಮನೆಯಲ್ಲಿ ಯಾರಾದರೂ ‘ನಾನಿದ್ದು ಏನು ಮಾಡುವುದು’ ಅಂದರೆ ಗದರಬೇಡಿ, ಬಿಡ್ತು ಅನ್ನಿಸಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಕೇಳಲು ನಿಮಗೆ ಭಯವಾಗುತ್ತದೆ, ಆಗಲಿ. ಭಯಪಡುತ್ತಲೇ ಕೇಳಿ.