ಅರ್ಧ ತಾಳ ಮುಂಚೆ ಊದಿದ ತೂಬಾ

ಮೂವತ್ತೆಂಟು ವರ್ಷ ಬ್ಯಾಂಡಿನಲ್ಲಿ ತೂಬಾ ಎಂಬ ಭಾರೀ ಹಿತ್ತಾಳೆ ಕಹಳೆ ಊದಿದ ದೊನಾಸಿಯಾನೊ ತಾಳ ತಪ್ಪಿದ್ದು ಒಂದೇ ಒಂದು ಸಲ. ಆ ಒಂದು ಸಲವೇ ಈಗ ತಿಹುವಾನಾ ಊರಿನ ಸಂದುಗೊಂದಿಗಳಲ್ಲೆಲ್ಲ ಮೊಳಗುತ್ತಿದೆ ಎಂದರೆ ಅವನ ಗ್ರಹಚಾರ ಎಂಥದ್ದಿರಬೇಕು!

ದೊಡ್ಡ ಮೊಮ್ಮಗಳು ಯಾರೆತ್ಸಿ ಕಂಪ್ಯೂಟರಿನಲ್ಲಿ ಹಾಡು ಕಟ್ಟುವವಳು. ಹಳೆಯ ಬ್ಯಾಂಡುಗಳ ಅಕಾರ್ಡಿಯನ್, ಡೋಲು, ತೂಬಾಗಳನ್ನು ಚೂರುಚೂರು ಮಾಡಿ ಕ್ಲಬ್ಬಿನ ಧಿಮ್‌ಧಿಮ್ ಮೇಲೆ ಅಂಟಿಸುತ್ತಾಳೆ. ತಾತನ ಬ್ಯಾಂಡಿನ ತಾಲೀಮಿನ ಹಳೆಯ ಕ್ಯಾಸೆಟ್ಟೊಂದರಲ್ಲಿ ಅವಳಿಗೆ ಅರ್ಧ ತಾಳ ಮುಂಚೆಯೇ ನುಗ್ಗಿದ ಒಂದು 'ಭೋಂ' ಸಿಕ್ಕಿತು. ಅದನ್ನೇ ಮತ್ತೆ ಮತ್ತೆ ಸುತ್ತಿಸಿದಳು. ಜನ ಹುಚ್ಚೆದ್ದು ಕುಣಿದರು.

"ತಾತಾ, ಇದು ನೀನೇ ಊದಿದ್ದಲ್ವಾ?"

"ನನ್ನ ಬಾಯಿಂದ ಇಂಥದ್ದು ಬರುತ್ತೇನೇ? ಯಾವುದೋ ಕತ್ತೆ ಊದಿರ್ಬೇಕು," ಎಂದುಬಿಟ್ಟ ಮುದುಕ.

ವಾರಸುದಾರರಿಲ್ಲದ ಸೊತ್ತಿಗೆ ವಾರಸುದಾರ ಹುಟ್ಟುವುದು ತಡವೇ? ಅದೇ ಬ್ಯಾಂಡಿನಲ್ಲಿ ಕೆಲಕಾಲ ತೂಬಾ ಹೊತ್ತಿದ್ದ ನಿಕಾನೋರ್ "ಆ ಕತ್ತೆ ನಾನೇ" ಎಂದು ಎದೆಯುಬ್ಬಿಸಿಕೊಂಡು ಬಂದ. ಕ್ಲಬ್ಬುಗಳಲ್ಲಿ ಅವನಿಗೆ ಬಿಟ್ಟಿ ಬಿಯರು, ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳಲು ಸಾಲು. ದೊನಾಸಿಯಾನೊ ಹಲ್ಲು ಕಚ್ಚಿ ಸಹಿಸಿಕೊಂಡ.

ಸಹಿಸಲಾಗದ್ದು ಆಮೇಲೆ ಬಂತು. ಚಿಕ್ಕ ಮೊಮ್ಮಗಳು ನಾಯೆಲಿಗೆ ಹದಿನೈದು ತುಂಬಿದ ಹಬ್ಬಕ್ಕೆ, ಖರ್ಚು ಹೊರಲು ಕೇಕಿಗೊಬ್ಬ ಧರ್ಮತಂದೆ, ಕಿರೀಟಕ್ಕೊಬ್ಬ, ಚಪ್ಪಲಿಗೊಬ್ಬ ಎಂದು ಹಂಚುವಾಗ, ಸಂಗೀತದ ಧರ್ಮತಂದೆಯ ಪಟ್ಟವನ್ನು ದೊನಾಸಿಯಾನೊನ ಸ್ವಂತ ಮಗನೇ ಹೋಗಿ ನಿಕಾನೋರನಿಗೆ ಕಟ್ಟಿಬಂದ. ಇದು ಒಂದು ದಿನದ ಮಾತಲ್ಲ, ಹುಡುಗಿ ಜೀವಮಾನವಿಡೀ ಅವನನ್ನು ಹಾಗೇ ಕರೆಯಬೇಕು. ತಾತನ ಹೊಟ್ಟೆಗೆ ಬೆಂಕಿ ಬಿತ್ತು.

ಹಬ್ಬದ ಮಧ್ಯಾಹ್ನ, ತುಂಬಿದ ಸಭಾಂಗಣದಲ್ಲಿ ನಿಕಾನೋರ್ ಧರ್ಮತಂದೆಯಾಗಿ ಹುಡುಗಿಯ ಕೈ ಹಿಡಿಯಲು ಎದ್ದದ್ದೇ ತಡ, ದೊನಾಸಿಯಾನೊ ಗುಡುಗಿದ: "ನಿಲ್ಲೋ! ಆ ತಪ್ಪು ನಂದು!"

"ಅದೇನು ದೊನ್ ಚಾನೊ, ಮೊನ್ನೆವರೆಗೂ ಕತ್ತೇದು ಅಂತಿದ್ರಿ?" ಎಂದ ನಿಕಾನೋರ್. ಸಭೆ ಘೊಳ್ಳೆಂದಿತು.

"ಜಗಳ ಯಾಕೆ? ತೂಬಾ ಇಲ್ಲೇ ಇದೆ, ಇಬ್ರೂ ಊದಿ," ಎಂದು ಯಾರೆತ್ಸಿ ತನ್ನ ಧಿಮ್‌ಧಿಮ್ ಹಚ್ಚಿದಳು.

ಮೊದಲು ನಿಕಾನೋರ್ ಊದಿದ. ಹಿಂದೆ ಬಿದ್ದ, ಶ್ರುತಿ ಬಿಟ್ಟ, ಒಂದು ಸಲ ಬರೀ ಗಾಳಿ ಬಂತು. ಲೋಕದಲ್ಲಿರುವ ತಪ್ಪುಗಳೆಲ್ಲ ಬಂದವು, ಅದೊಂದನ್ನು ಬಿಟ್ಟು.

ಆಮೇಲೆ ದೊನಾಸಿಯಾನೊ. ಬೇಕೆಂದೇ ಮುಂಚೆ ನುಗ್ಗಲು ಉಸಿರು ಕಟ್ಟಿದ. ಭೋಂ. ತಾಳಕ್ಕೆ ಸರಿಯಾಗಿ ಬಿತ್ತು. ಇನ್ನೊಮ್ಮೆ. ಸರಿಯಾಗಿಯೇ ಬಿತ್ತು. ಏಳು ಸಲ ಊದಿದರೂ ಆ ಹಟಮಾರಿ ತುಟಿಗಳು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

"ಅಯ್ಯೋ, ಈ ಮುದುಕನಿಗೆ ತಪ್ಪೋದಕ್ಕೂ ಬರಲ್ವಲ್ಲಪ್ಪಾ!" ಎಂದು ಯಾರೋ ಕೂಗಿದರು. ನಿಕಾನೋರ್ ನಗುತ್ತ ನಾಯೆಲಿಯತ್ತ ಹೆಜ್ಜೆಯಿಟ್ಟ. ದೊನಾಸಿಯಾನೊನಿಗೆ ಅಳುವೇ ಬಂದುಬಿಟ್ಟಿತು. ಎಂಟನೆಯ ಸಲ ತೂಬಾ ಎತ್ತಿದ.

ಹಿಂದುಗಡೆ ಮಾಂಸದ ಸಾರು ಬಡಿಸುತ್ತಿದ್ದ ಹೆಂಡತಿ ಬ್ರಿಹಿದಾಳಿಗೆ ಇನ್ನು ನೋಡಲಾಗಲಿಲ್ಲ. ದಿನಾ ಚಾನೊ ಎಂದು ಕರೆಯುವವಳು ಸೌಟು ಎತ್ತಿ ಪೂರ್ತಿ ಹೆಸರು ಹಿಡಿದು ಅರಚಿದಳು: "ದೊನಾಸಿಯಾನೊ! ಗ್ಯಾಸ್ ಆಫ್ ಮಾಡಿ ಬಂದ್ಯೋ ಇಲ್ವೋ?"

ಭೋಂ!

ಅರ್ಧ ತಾಳ ಮುಂಚೆ. ಅದೇ, ಸಾಕ್ಷಾತ್ ಅದೇ!

ಸಭೆ ಎದ್ದು ನಿಂತು ಕೇಕೆ ಹಾಕಿತು. "ಆವತ್ತೂ ನಾನೇ ಕೂಗಿದ್ದು," ಎಂದಳು ಬ್ರಿಹಿದಾ. "ತಾಲೀಮಿನ ಕೋಣೆ ಬಾಗಿಲಲ್ಲಿ ನಿಂತು, ಊಟ ಆರಿಹೋಗ್ತಿದೆ ಅಂತ."

"ನಂಗೆ ಮದುವೇನೇ ಆಗಿಲ್ಲ, ಎಲ್ಲಿಂದ ಬರಬೇಕು ಅದು," ಎಂದು ಗೊಣಗುತ್ತ ನಿಕಾನೋರ್ ಕುರ್ಚಿ ಹುಡುಕಿಕೊಂಡ.

ನಾಯೆಲಿ ಕೊಡೆಯಂಥ ದೊಡ್ಡ ಲಂಗ ಎತ್ತಿಕೊಂಡು ಓಡಿಬಂದಳು. ದೊನಾಸಿಯಾನೊ ತೂಬಾ ಇಳಿಸಿ ಎರಡೂ ಕೈ ಚಾಚಿದ. ಅವಳು ತಾತನ ಕೆನ್ನೆಗೊಂದು ಮುತ್ತು ಕೊಟ್ಟು, ಅವನನ್ನು ದಾಟಿ ಸೀದಾ ಹೋಗಿ ಅಜ್ಜಿಯ ಕೈ ಹಿಡಿದಳು. "ಸಂಗೀತದ ಧರ್ಮತಾಯಿ ನೀನೇ ಅಜ್ಜಿ!"

ಚಾಚಿದ ಕೈ ಹಾಗೇ ಉಳಿಯಿತು. ಮುಖ ಊದಿಸಿಕೊಳ್ಳಬೇಕೆಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣವೇ ಲೆಕ್ಕ ಹೊಳೆದು ಮುದುಕ ಹಿಗ್ಗಿಹೋದ.

"ಕೇಳಿದ್ಯೇನೋ ನಿಕಾನೋರ್?" ಎಂದು ಸಭೆಗೆಲ್ಲ ಕೇಳುವಂತೆ ಕೂಗಿದ. "ಧರ್ಮತಾಯಿಯ ಗಂಡ ಏನಾಗ್ಬೇಕು ಹೇಳು!"